ಕಳಪೆ ನಕ್ಷೆಯನ್ನು ತಿದ್ದಿಕೊಡುವುದು ಪರಿಶೀಲಕನ ಕೆಲಸವೇ?

ಕಡತ ಕಾಯುವವ · ಸೋಮವಾರ, ರಾತ್ರಿ 9:40

ಕರಾವಳಿಯ ಒಂದು ಪಟ್ಟಣಕ್ಕೆ ಬರುವ ಕಟ್ಟಡ ಪರವಾನಗಿ ಅರ್ಜಿಗಳಲ್ಲಿ ಸ್ಟ್ರಕ್ಚರಲ್ ನಕ್ಷೆಗಳನ್ನು (ಕಂಬ, ತೊಲೆ, ಸರಳುಗಳ ನಕ್ಷೆ) ನೋಡಿ ಅಭಿಪ್ರಾಯ ಬರೆದುಕೊಡುವ ಹೊರಗುತ್ತಿಗೆ ಎಂಜಿನಿಯರ್ ನಾನು. ಇಂದು ಒಂದೇ ಕಡತ ಮೂರನೆಯ ಸಲ ನನ್ನ ಮೇಜಿಗೆ ಬಂತು. ನೆಲಮಹಡಿ, ಅದರ ಮೇಲೆ ಮೂರು ಅಂತಸ್ತು. ತಲೆ ಕೆಟ್ಟುಹೋಗಿದೆ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಹಾಳೆಯಲ್ಲಿ ನೆಲಮಹಡಿಗೆ ಹನ್ನೆರಡು ಕಂಬ. ಎರಡನೆಯ ಹಾಳೆಯಲ್ಲಿ ಮೊದಲ ಮಹಡಿಗೆ ಹನ್ನೊಂದು. ಮೂರನೆಯದರಲ್ಲಿ ಮತ್ತೆ ಹನ್ನೆರಡು. ನಡುವೆ ಆ ಒಂದು ಕಂಬ ಎಲ್ಲಿಗೆ ಹೋಗಿತ್ತು, ತವರಿಗೆ ಹೋಗಿತ್ತೇ? ಕಂಬಗಳ ಪಟ್ಟಿಯಲ್ಲಿ ಸಿ1 ಎಂದರೆ 230 × 300 ಮಿ.ಮೀ., ಅದಕ್ಕೆ 12 ಮಿ.ಮೀ.ನ ನಾಲ್ಕು ಸರಳು. ಆ ಕಂಬದ ವಿಸ್ತೀರ್ಣ 69,000 ಚದರ ಮಿ.ಮೀ., ಅದರಲ್ಲಿ ಸರಳು ಕನಿಷ್ಠ ಶೇ 0.8 ಇರಬೇಕು, ಅಂದರೆ 552. ನಾಲ್ಕು ಸರಳು ಸೇರಿ 452 ಮಾತ್ರ. ಕಡಲಿನಿಂದ ಇನ್ನೂರು ಮೀಟರ್ ದೂರದ ನಿವೇಶನಕ್ಕೆ ಉಪ್ಪುಗಾಳಿಗೆ ಸಾಲದ ಎಂ20 ದರ್ಜೆಯ ಕಾಂಕ್ರೀಟ್. ಭೂಕಂಪ ವಲಯ 2 ಎಂದು ಬರೆದಿದ್ದಾರೆ, ನಮ್ಮದು ಅದಕ್ಕಿಂತ ಅಪಾಯ ಹೆಚ್ಚಿರುವ 3. ಮೂರು ಮೀಟರ್ ಎತ್ತರ ಹತ್ತಲು ಹನ್ನೆರಡೇ ಮೆಟ್ಟಿಲು, ಒಂದೊಂದರ ಏರು 250 ಮಿ.ಮೀ. ಆ ಮನೆಯ ಅಜ್ಜಿ ಒಮ್ಮೆ ಮೇಲೆ ಹೋದರೆ ಮತ್ತೆ ಕೆಳಗೆ ಬರುವುದಿಲ್ಲ.

ಇವೆಲ್ಲದರ ಮೇಲೆ ಕಳಶವಿಟ್ಟಂತೆ 14ನೆಯ ಟಿಪ್ಪಣಿ: ‘ಮಳೆನೀರು ಕೊಲ್ಲು ವ್ಯವಸ್ಥೆಯನ್ನು ಬೆಂಗಳೂರು ಜಲಮಂಡಳಿಯ ನಿಯಮದಂತೆ ಮಾಡತಕ್ಕದ್ದು.’ ಕೊಯ್ಲು ಅಲ್ಲ, ಕೊಲ್ಲು. ಬೆಂಗಳೂರಿಗೂ ಈ ಪಟ್ಟಣಕ್ಕೂ ನಡುವೆ ಇಡೀ ಪಶ್ಚಿಮ ಘಟ್ಟವಿದೆ.

ಹಿಂದಿನ ಎರಡೂ ಸಲ ಒಂದೊಂದಾಗಿ ಆಕ್ಷೇಪಣೆ ಬರೆದು ಕಳುಹಿಸಿದ್ದೆ. ಬಂದ ಉತ್ತರ ಒಂದೇ ಸಾಲು: ‘ಎಲ್ಲ ಆಕ್ಷೇಪಣೆಗಳನ್ನು ಸರಿಪಡಿಸಲಾಗಿದೆ.’ ಹಳೆಯ ಪಿಡಿಎಫ್ ಮತ್ತು ಹೊಸದನ್ನು ಅಕ್ಕಪಕ್ಕ ಇಟ್ಟು ನೋಡಿದೆ. ಬದಲಾದದ್ದು ದಿನಾಂಕ ಮಾತ್ರ.

ನನ್ನ ಪ್ರಶ್ನೆ ಇಷ್ಟೇ. ಎಲ್ಲ ತಪ್ಪುಗಳನ್ನೂ ಪಟ್ಟಿ ಮಾಡಿಕೊಡಬೇಕೇ, ಅಥವಾ ಮೊದಲ ದೊಡ್ಡ ತಪ್ಪು ಕಂಡಲ್ಲೇ ನಿಲ್ಲಿಸಿ ವಾಪಸು ಕಳುಹಿಸಬೇಕೇ? ಪಟ್ಟಿ ಮಾಡಿದರೆ ಅವರ ಕೆಲಸವನ್ನು ನಾನು ಪುಕ್ಕಟೆ ಮಾಡಿದಂತೆ. ಮಾಡದಿದ್ದರೆ ‘ಬೇಕೆಂದೇ ಸತಾಯಿಸುತ್ತಾನೆ, ಏನೋ ನಿರೀಕ್ಷೆ ಇದೆ’ ಎಂಬ ಮಾತು.

ಸ್ಕೇಲು ಪೆನ್ಸಿಲ್ · ರಾತ್ರಿ 9:52

ಪಟ್ಟಿ ಕೊಟ್ಟ ದಿನವೇ ನೀವು ಆ ಮನೆಯ ವಿನ್ಯಾಸಕಾರರಾದಿರಿ. ಸಂಭಾವನೆ ಮಾತ್ರ ಅವರಿಗೆ.

ಅಮೋನಿಯಾ ಪ್ರಿಂಟ್ · ರಾತ್ರಿ 10:15

ನಿವೃತ್ತನಾಗಿ ಹನ್ನೊಂದು ವರ್ಷವಾಯಿತು, ಆದರೂ ಈ ವಿಷಯ ಕಂಡರೆ ಸುಮ್ಮನಿರಲು ಆಗುವುದಿಲ್ಲ. ನಮ್ಮ ಕಾಲದಲ್ಲಿ ಟ್ರೇಸಿಂಗ್ ಹಾಳೆಯ ಮೇಲೆ ಮಸಿಯ ಪೆನ್ನಿನಲ್ಲಿ ಬರೆಯಬೇಕಿತ್ತು. ಒಂದು ಗೆರೆ ತಪ್ಪಿದರೆ ಅರ್ಧ ಬ್ಲೇಡು ಹಿಡಿದು, ಹಾಳೆ ತೂತಾಗದ ಹಾಗೆ ಮೆತ್ತಗೆ ಕೆರೆದು, ಉಗುರಿನ ಹಿಂಬದಿಯಿಂದ ಉಜ್ಜಿ ನಯ ಮಾಡಿ, ಮತ್ತೆ ಎಳೆಯಬೇಕು. ಒಂದು ಕಂಬವನ್ನು ಅಳಿಸಲು ಹತ್ತು ನಿಮಿಷ. ಅಷ್ಟು ಕಷ್ಟವಿದ್ದುದರಿಂದ ಎಳೆಯುವ ಮೊದಲು ಯೋಚಿಸುತ್ತಿದ್ದರು. ಪ್ರಿಂಟು ಹಾಕಿಸಿದರೆ ಅಮೋನಿಯಾ ವಾಸನೆಗೆ ಕಣ್ಣಲ್ಲಿ ನೀರು. ಈಗ ನಕಲು ಮಾಡಲು ಎರಡು ಗುಂಡಿ ಒತ್ತಿದರೆ ಮುಗಿಯಿತು. ಬೆಂಗಳೂರಿನ ಟಿಪ್ಪಣಿ ಕಡಲತೀರಕ್ಕೆ ಬರುತ್ತದೆ.

ನಿಮ್ಮ ಪ್ರಶ್ನೆಗೆ ಉತ್ತರ: ನಾನು ಮೂರು ಮಾರಕ ದೋಷ ಸಿಕ್ಕಿದ ಕೂಡಲೇ ಓದುವುದನ್ನು ನಿಲ್ಲಿಸುತ್ತಿದ್ದೆ. ‘ನಕ್ಷೆಯು ಪರಿಶೀಲನೆಗೆ ಯೋಗ್ಯವಾಗಿಲ್ಲ’ ಎಂದು ಹಿಂಬರಹ ಕೊಟ್ಟು ಕಡತ ಕೆಳಗಿಳಿಸುತ್ತಿದ್ದೆ. ‘ಯೋಗ್ಯವಾಗಿಲ್ಲ’ ಎಂಬ ಪದ ಓದಿದರೆ ಅವರಿಗೆ ಉರಿಯುತ್ತಿತ್ತು. ಉರಿಯಲಿ ಎಂದೇ ಬರೆಯುತ್ತಿದ್ದೆ.

ಬಸವನಗುಡಿ ಹುಡುಗ · ರಾತ್ರಿ 10:21

ಹಿರಿಯರೇ, 1983ರಲ್ಲಿ ಬೆಂಗಳೂರಿನ ಕಪಾಲಿ ಚಿತ್ರಮಂದಿರದ ಬಳಿ ಗಂಗಾರಾಂ ಕಟ್ಟಡ ಕುಸಿದು ನೂರಕ್ಕೂ ಹೆಚ್ಚು ಜನ ಸತ್ತರು. ಆಗ ಯಾರ ಮೇಜಿನ ಮೇಲೆ ಕಂಪ್ಯೂಟರ್ ಇತ್ತು?

ಅಮೋನಿಯಾ ಪ್ರಿಂಟ್ · ರಾತ್ರಿ 10:26

ಒಪ್ಪಿದೆ. ಬ್ಲೇಡು ಹಿಡಿದವರೆಲ್ಲ ಸತ್ಯಹರಿಶ್ಚಂದ್ರರಾಗಿರಲಿಲ್ಲ. ಸೋಮಾರಿತನಕ್ಕೆ ಆಗ ಶ್ರಮ ಹೆಚ್ಚು ಬೇಕಿತ್ತು ಎಂದಷ್ಟೇ ನನ್ನ ಮಾತು.

ಕ್ಯಾಡ್ ಕೂಲಿ · ರಾತ್ರಿ 10:48

ಈ ಕಡೆಯವರ ಮಾತನ್ನೂ ಸ್ವಲ್ಪ ಕೇಳಿ. ನಾನು ನಕ್ಷೆ ಬರೆಯುವ ಹುಡುಗ. ಡಿಪ್ಲೊಮಾ ಮುಗಿಸಿ ಆರು ವರ್ಷ. ನನಗೆ ಒಂದು ಮನೆಯ ಪರವಾನಗಿ ನಕ್ಷೆಗೆ ಸಿಗುವುದು ಸಾವಿರದೈನೂರು ರೂಪಾಯಿ. ಸ್ಟ್ರಕ್ಚರಲ್ ಹಾಳೆ ಬೇಕೆಂದರೆ ಇನ್ನೊಂದು ಐನೂರು. ಆ ಐನೂರಕ್ಕೆ ನಾನು ಮಣ್ಣು ಪರೀಕ್ಷೆ ಮಾಡಿಸಲೇ, ಭೂಕಂಪದ ಲೆಕ್ಕ ಹಾಕಲೇ?

ಕಳೆದ ವಾರ ಒಬ್ಬ ಮಾಲೀಕರು ಬಂದರು. ಲಗ್ನಪತ್ರಿಕೆಯ ಹಿಂಭಾಗದಲ್ಲಿ ಬಾಲ್‌ಪೆನ್ನಿನಿಂದ ಬರೆದ ಮನೆ. ಅಳತೆಯನ್ನು ಹೆಜ್ಜೆ ಲೆಕ್ಕದಲ್ಲಿ ಹಾಕಿದ್ದರು, ‘ಅಡುಗೆ ಮನೆ ನಾಲ್ಕು ಹೆಜ್ಜೆ’. ಯಾರ ಹೆಜ್ಜೆ ಎಂದು ಕೇಳಿದೆ. ‘ನಮ್ಮ ತಂದೆಯವರದು’ ಎಂದರು. ನಾಳೆ ಬೆಳಿಗ್ಗೆ ಹತ್ತಕ್ಕೆ ಬೇಕಂತೆ, ಬ್ಯಾಂಕಿನವರು ಕಾಯುತ್ತಿದ್ದಾರಂತೆ. ಸಹಿ ಹಾಕುವ ಎಂಜಿನಿಯರ್ ಸಾಹೇಬರು ನಕ್ಷೆ ನೋಡುವುದಿಲ್ಲ. ಸಹಿಗೆ ಎರಡು ಸಾವಿರ ತೆಗೆದುಕೊಳ್ಳುತ್ತಾರೆ. ನಕ್ಷೆ ಬರೆದವನಿಗಿಂತ ಸಹಿಗೆ ಹೆಚ್ಚು ಬೆಲೆ.

ಇನ್ನೊಂದು ಮಾತು, ಬೇಸರ ಮಾಡಿಕೊಳ್ಳಬೇಡಿ. ಮಂಜೂರಾಗುವ ನಕ್ಷೆ ಒಂದು, ಕಟ್ಟುವ ಮನೆ ಇನ್ನೊಂದು. ನೀವು ಹನ್ನೆರಡು ಕಂಬಕ್ಕೆ ಜಗಳವಾಡುತ್ತೀರಿ, ಅಲ್ಲಿ ಮೇಸ್ತ್ರಿ ಆಗಲೇ ಹದಿಮೂರನ್ನು ನಿಲ್ಲಿಸಿರುತ್ತಾನೆ.

ಕಡತ ಕಾಯುವವ · ರಾತ್ರಿ 11:02

ತಮ್ಮಾ, ನಿನ್ನ ಮೇಲೆ ನನಗೆ ಕೋಪವಿಲ್ಲ. ಎರಡು ಸಾವಿರ ತೆಗೆದುಕೊಂಡು ನೋಡದೆ ಸಹಿ ಹಾಕುವ ಆ ಮಹಾನುಭಾವರ ಮೇಲೆ ಇದೆ.

ತೊಲೆ ಕಂಬ · ಮಂಗಳವಾರ, ಬೆಳಿಗ್ಗೆ 6:30

ನಾನು ಸ್ಟ್ರಕ್ಚರಲ್ ಎಂಜಿನಿಯರ್, ನಕ್ಷೆ ಸಲ್ಲಿಸುವ ಕಡೆಯವನು. ಪರಿಶೀಲಕರೇ, ನಿಮ್ಮ ಶೇ 0.8ರ ಲೆಕ್ಕ ಅರ್ಧ ಸತ್ಯ. ಕಾಂಕ್ರೀಟಿನ ಭಾರತೀಯ ಸಂಹಿತೆ ಐಎಸ್ 456ರ 26.5.3.1ನೆಯ ಕಲಂ ಪೂರ್ತಿ ಓದಿ. ಹೊರೆಗೆ ಬೇಕಾದುದಕ್ಕಿಂತ ದೊಡ್ಡ ಕಂಬವಿಟ್ಟಿದ್ದರೆ, ಕನಿಷ್ಠ ಸರಳನ್ನು ಲೆಕ್ಕ ಹಾಕುವುದು ಬೇಕಾದಷ್ಟು ವಿಸ್ತೀರ್ಣದ ಮೇಲೆ, ಇಟ್ಟಿರುವ ವಿಸ್ತೀರ್ಣದ ಮೇಲಲ್ಲ. ಹೊರೆ ಕಡಿಮೆ ಇರುವ ಮೂಲೆಯ ಕಂಬಕ್ಕೆ 452 ಸಾಕಾಗಲೂಬಹುದು. ‘ಕಾನೂನು ಬಾಹಿರ’ ಎಂದು ಹಿಂಬರಹ ಕೊಟ್ಟಿದ್ದರೆ ನಾನು ಮೇಲ್ಮನವಿ ಹಾಕುತ್ತಿದ್ದೆ.

ನಿಮ್ಮ ಕಡತ ಬೀಳುವುದು ಬೇರೆ ಕಾರಣಕ್ಕೆ. ವಲಯ 3 ಎಂದ ಮೇಲೆ ಭೂಕಂಪ ತಾಳುವ ಕಾಂಕ್ರೀಟ್ ಕಟ್ಟಡಗಳ ಸಂಹಿತೆ ಐಎಸ್ 13920 ಅನ್ವಯಿಸುತ್ತದೆ. ಅದರ 2016ರ ಆವೃತ್ತಿಯಲ್ಲಿ ಕಂಬದ ಯಾವ ಬದಿಯೂ 300 ಮಿ.ಮೀ.ಗಿಂತ ಕಡಿಮೆ ಇರುವಂತಿಲ್ಲ. 230 ಅಲ್ಲಿಗೇ ಮುಗಿಯಿತು. 1993ರ ಆವೃತ್ತಿಯಲ್ಲಿ ತೊಲೆ, ಕಂಬಗಳ ಉದ್ದ ಕಡಿಮೆ ಇದ್ದರೆ 200ರವರೆಗೆ ಬಿಡುತ್ತಿತ್ತು. ಬಹಳ ಮಂದಿ ಇನ್ನೂ ಅದನ್ನೇ ನಂಬಿಕೊಂಡಿದ್ದಾರೆ.

ಈಗ ನನ್ನ ದೂರು. ಪರಿಶೀಲಕರೂ ಕಡಿಮೆ ಇಲ್ಲ. ಒಬ್ಬರು ಕಾಂಪೌಂಡ್ ಗೋಡೆಗೆ ಮಣ್ಣು ಪರೀಕ್ಷೆಯ ವರದಿ ಕೇಳಿದರು. ಇನ್ನೊಬ್ಬರು ಮೊದಲ ಸುತ್ತಿನಲ್ಲಿ ಐದು ಆಕ್ಷೇಪಣೆ ಬರೆದರು, ಅದನ್ನು ಸರಿಪಡಿಸಿ ಕೊಟ್ಟೆ. ಎರಡನೆಯ ಸುತ್ತಿನಲ್ಲಿ ಹೊಸ ನಾಲ್ಕು. ಆ ನಾಲ್ಕೂ ಮೊದಲ ದಿನವೇ ನಕ್ಷೆಯಲ್ಲಿ ಇದ್ದವು! ಮೂರನೆಯ ಸುತ್ತಿಗೆ ಪರಿಶೀಲಕರೇ ಬದಲಾದರು. ಅವರು ಮೊದಲನೆಯವರು ಬರೆದದ್ದಕ್ಕೆ ತದ್ವಿರುದ್ಧ ಬರೆದರು. ಹಾಗಾಗಿ ನನ್ನ ಉತ್ತರ ಸ್ಪಷ್ಟ: ಎಲ್ಲವನ್ನೂ ಒಂದೇ ಸಲ ಬರೆಯಿರಿ. ಕಂತಿನಲ್ಲಿ ಕೊಡಬೇಡಿ.

ಕಡತ ಕಾಯುವವ · ಬೆಳಿಗ್ಗೆ 7:05

ತಿದ್ದುಪಡಿ ಒಪ್ಪಿದೆ, ಧನ್ಯವಾದ. ಆದರೆ ‘ಬೇಕಾದಷ್ಟು ವಿಸ್ತೀರ್ಣ’ ಎಷ್ಟು ಎಂದು ತಿಳಿಯಲು ಹೊರೆಯ ಲೆಕ್ಕ ಬೇಕಲ್ಲ ಸ್ವಾಮಿ? ಲಗತ್ತಿಸಿರುವುದು ಕಂಪ್ಯೂಟರ್ ಉಗುಳಿದ 140 ಪುಟ. ಯಾವ ಮಹಡಿಗೆ ಎಷ್ಟು ಹೊರೆ ಕೊಟ್ಟಿದ್ದಾರೆ ಎಂಬ ಪುಟವೇ ಇಲ್ಲ. ಮೊದಲ ಪುಟದ ತಲೆಯಲ್ಲಿ ‘ಕಲ್ಯಾಣ ಮಂಟಪ, ಪರಿಷ್ಕೃತ 2’ ಎಂದಿದೆ. ಇದು ವಾಸದ ಮನೆ.

ಸ್ಕೇಲು ಪೆನ್ಸಿಲ್ · ಬೆಳಿಗ್ಗೆ 7:09

ಮನೆಯಲ್ಲೇ ಮದುವೆ ಮಾಡುತ್ತಾರೇನೋ. ಹೊರೆ ಹೆಚ್ಚು ಹಿಡಿದಿದ್ದಾರೆ, ಒಳ್ಳೆಯದೇ ಆಯಿತು.

ನಿಯಮಪಾಲಕ · ಬೆಳಿಗ್ಗೆ 7:30

ಕಡಲಿನಿಂದ ಇನ್ನೂರು ಮೀಟರ್ ಎಂದಿರಿ. ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಅನುಮತಿ?

ಕಡತ ಕಾಯುವವ · ಬೆಳಿಗ್ಗೆ 7:34

ಪಟ್ಟಣದೊಳಗಿನ ನಿವೇಶನ, ಹಿಂದಿನಿಂದಲೂ ಇರುವ ರಸ್ತೆಯ ಒಳಬದಿಗೆ ಇದೆ. ಅನುಮತಿ ಪತ್ರ ಕಡತದಲ್ಲಿದೆ. ಇಡೀ ಕಡತದಲ್ಲಿ ಸರಿಯಾಗಿರುವ ಕಾಗದ ಅದೊಂದೇ.

ಮೂವತ್ತು ನಲವತ್ತು · ಬೆಳಿಗ್ಗೆ 8:12

ನೀವೆಲ್ಲ ಎಂಜಿನಿಯರುಗಳು ಸೇರಿಕೊಂಡು ನಗುತ್ತಿದ್ದೀರಿ. ನಡುವೆ ಸಿಕ್ಕಿಕೊಂಡವನು ಮಾಲೀಕ. ನನ್ನದು ಮೂವತ್ತು ನಲವತ್ತರ ನಿವೇಶನ. ‘ಎಲ್ಲ ನಾನು ನೋಡಿಕೊಳ್ಳುತ್ತೇನೆ ಸರ್’ ಎಂದ ಒಬ್ಬರಿಗೆ ಹಣ ಕೊಟ್ಟೆ. ನಾಲ್ಕು ತಿಂಗಳು. ಪ್ರತಿ ಸಲ ಕೇಳಿದಾಗಲೂ ‘ಕಚೇರಿಯಲ್ಲಿ ಸುಮ್ಮನೆ ತಡೆಹಿಡಿದಿದ್ದಾರೆ’ ಎಂದರು. ಕೊನೆಗೆ ನಾನೇ ಹೋಗಿ ಆಕ್ಷೇಪಣೆಯ ಪ್ರತಿ ಪಡೆದೆ. ಹದಿನೇಳು ಅಂಶ. ಅದರಲ್ಲಿ ಒಂದು: ‘ಸ್ನಾನದ ಕೋಣೆಗೆ ಬಾಗಿಲು ತೋರಿಸಿಲ್ಲ.’ ನಾಲ್ಕು ತಿಂಗಳ ಬಾಡಿಗೆ ಮತ್ತು ಸಾಲದ ಬಡ್ಡಿ ಎರಡನ್ನೂ ಕಟ್ಟಿದ್ದೇನೆ, ಒಂದು ಬಾಗಿಲಿಗಾಗಿ.

ನಕ್ಷೆಯ ಕೆಳಗೆ ಸಹಿ ಹಾಕಿರುವ ಎಂಜಿನಿಯರರ ಮುಖವನ್ನು ನಾನು ಇಂದಿಗೂ ನೋಡಿಲ್ಲ.

2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಸ್ವಾಧೀನ ಪತ್ರ (ಕಟ್ಟಡ ನಕ್ಷೆಯಂತೆ ಮುಗಿದಿದೆ, ವಾಸಿಸಬಹುದು ಎಂಬ ಪತ್ರ) ತೋರಿಸಿದರೆ ಮಾತ್ರ ವಿದ್ಯುತ್, ನೀರಿನ ಸಂಪರ್ಕ ಕೊಡಬೇಕು ಎಂದ ಮೇಲೆ ನನ್ನಂಥವರಿಗೆ ನಿದ್ದೆ ಹಾರಿತು. ಸಣ್ಣ ನಿವೇಶನಗಳಿಗೆ ಸರ್ಕಾರ ವಿನಾಯಿತಿ ಕೊಟ್ಟದ್ದು ಆಮೇಲೆ. ಆ ತೀರ್ಪು ಬರುವವರೆಗೆ ನಕ್ಷೆ ಎಂದರೆ ನಮಗೆಲ್ಲ ಬ್ಯಾಂಕಿಗೆ ಕೊಡುವ ಕಾಗದ, ಅಷ್ಟೆ. ದಯವಿಟ್ಟು ಆಕ್ಷೇಪಣೆಯ ಒಂದು ಪ್ರತಿಯನ್ನು ನೇರವಾಗಿ ಮಾಲೀಕರಿಗೂ ಕಳುಹಿಸಿ. ಅರ್ಧ ಕಾಯಿಲೆ ಅಲ್ಲೇ ಗುಣವಾಗುತ್ತದೆ.

ತೊಲೆ ಕಂಬ · ಬೆಳಿಗ್ಗೆ 8:20

ಇದು ಇಡೀ ಚರ್ಚೆಯಲ್ಲಿ ಬಂದ ಅತ್ಯಂತ ಉಪಯುಕ್ತ ಮಾತು.

ನಗರ ಯೋಜಕಿ · ಬೆಳಿಗ್ಗೆ 10:40

ಸ್ಟ್ರಕ್ಚರಲ್ ಇರಲಿ, ನಮ್ಮ ಕಡೆಯ ತಮಾಷೆ ಕೇಳಿ. ನಿವೇಶನದ ರಸ್ತೆ ಪಶ್ಚಿಮಕ್ಕೆ. ನಕ್ಷೆಯಲ್ಲಿ ಬಾಗಿಲು ಪೂರ್ವಕ್ಕೆ, ರಸ್ತೆಯೂ ಪೂರ್ವಕ್ಕೆ! ಖಾತೆಯ ಚಕ್ಕುಬಂದಿ ನೋಡಿದರೆ ಪೂರ್ವಕ್ಕೆ ಪಕ್ಕದವರ ತೋಟ. ಸ್ಥಳ ತನಿಖೆಗೆ ಹೋಗಿ ಮೊಬೈಲಿನ ದಿಕ್ಸೂಚಿ ಹಿಡಿದು ನಿಂತೆ. ಆಮೇಲೆ ತಿಳಿಯಿತು, ವಾಸ್ತು ಹೇಳುವವರು ಪೂರ್ವದ ಬಾಗಿಲೇ ಆಗಬೇಕು ಎಂದಿದ್ದರಂತೆ; ಮನೆಯನ್ನು ತಿರುಗಿಸಲು ಆಗದ್ದರಿಂದ ಉತ್ತರದ ಬಾಣವನ್ನೇ ತಿರುಗಿಸಿದ್ದರು. ಯಜಮಾನರಿಗೆ ‘ನಾಳೆ ಸೂರ್ಯ ಯಾವ ಕಡೆ ಹುಟ್ಟುತ್ತಾನೆ, ನೋಡಿ ಹೇಳಿ’ ಎಂದು ಬಂದೆ.

ನಮ್ಮ ಆನ್‌ಲೈನ್ ವ್ಯವಸ್ಥೆ ಇದನ್ನು ಹಿಡಿಯಲಿಲ್ಲ. ನಕ್ಷೆಯ ಯಾವ ಪದರದಲ್ಲಿ (ಲೇಯರ್) ಯಾವ ಬಣ್ಣದ ಗೆರೆ ಇರಬೇಕೋ ಅದಿದ್ದರೆ ತಂತ್ರಾಂಶಕ್ಕೆ ಸಂತೋಷ. ಸುತ್ತ ಬಿಡಬೇಕಾದ ಜಾಗ (ಸೆಟ್‌ಬ್ಯಾಕ್), ನಿವೇಶನಕ್ಕೂ ಒಟ್ಟು ಮಹಡಿ ವಿಸ್ತೀರ್ಣಕ್ಕೂ ಇರುವ ಅನುಪಾತ (ಎಫ್‌ಎಆರ್) ಚೆನ್ನಾಗಿ ಅಳೆಯುತ್ತದೆ. ಕಾರು ನಿಲ್ಲುವ ಜಾಗದ ನಟ್ಟನಡುವೆ ಕಂಬವಿದ್ದರೂ ‘ಪಾರ್ಕಿಂಗ್ ಸರಿಯಾಗಿದೆ’ ಎಂದು ಹಸಿರು ಗುರುತು ಹಾಕುತ್ತದೆ, ಏಕೆಂದರೆ ಕಂಬ ಬೇರೆ ಪದರದಲ್ಲಿದೆ.

ಎರೆ ನೆಲ · ಮಧ್ಯಾಹ್ನ 12:15

ಧಾರವಾಡದಿಂದ. ನಮ್ಮ ಕಡೆ ಬರುವ ನಕ್ಷೆಗಳಲ್ಲೆಲ್ಲ ಮಣ್ಣಿನ ಹೊರೆ ತಾಳುವ ಶಕ್ತಿ ‘ಚದರ ಮೀಟರಿಗೆ 200 ಕಿಲೋನ್ಯೂಟನ್’. ಕಲ್ಲು ನೆಲಕ್ಕೂ 200, ಎರೆ ನೆಲಕ್ಕೂ 200. ಬೇಸಿಗೆಯಲ್ಲಿ ನಮ್ಮ ಎರೆ ಹೊಲಕ್ಕೆ ಬಂದು ನೋಡಿ, ಬಿರುಕಿನೊಳಗೆ ಮೊಣಕೈವರೆಗೆ ತೋಳು ಇಳಿಯುತ್ತದೆ. ಮಳೆ ಬಿದ್ದರೆ ಅದೇ ಮಣ್ಣು ಉಬ್ಬಿ ಗೋಡೆಯನ್ನು ಎತ್ತುತ್ತದೆ. ಅಂಥ ಕಡೆ ನಾಲ್ಕು ಅಡಿ ಆಳದ ಸಾದಾ ತಳಪಾಯ ತೋರಿಸಿ, ಮೇಲೆ ಮೂರು ಅಂತಸ್ತು. ‘ಮಣ್ಣು ಪರೀಕ್ಷೆ ಎಲ್ಲಿ?’ ಎಂದರೆ ‘ಪಕ್ಕದ ಮನೆಯದು ಗಟ್ಟಿಯಾಗಿ ನಿಂತಿದೆಯಲ್ಲ’ ಎನ್ನುತ್ತಾರೆ.

2019ರ ಮಾರ್ಚ್ 19ರಂದು ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ವಾಣಿಜ್ಯ ಕಟ್ಟಡ ಕುಸಿದಾಗ ನಾನು ಊರಲ್ಲೇ ಇದ್ದೆ. 19 ಜನ ಹೋದರು. ಹಲವು ದಿನ ಅವಶೇಷ ತೆಗೆಯುತ್ತಲೇ ಇದ್ದರು, ಊರೆಲ್ಲ ಆ ಕಡೆಗೇ ನೋಡುತ್ತಿತ್ತು. ಅದಾದ ಮೇಲೆ ಒಂದು ಆರು ತಿಂಗಳು ಎಲ್ಲರೂ ಲೆಕ್ಕದ ಹಾಳೆ ಲಗತ್ತಿಸಿದರು. ಈಗ ಮತ್ತೆ 200 ಬಂದಿದೆ.

ಆದ್ದರಿಂದ ಪರಿಶೀಲಕರೇ, ಪಟ್ಟಿ ಮಾಡಿ, ಮಾಡಬೇಡಿ, ನಿಮ್ಮ ಇಷ್ಟ. ಬಿಟ್ಟು ಮಾತ್ರ ಕೊಡಬೇಡಿ. ನಮ್ಮ ಗೌಂಡಿ ಹೇಳುತ್ತಾನೆ, ‘ಸಾಹೇಬರೇ, ನಕ್ಷೆಯಲ್ಲಿ ಇಲ್ಲದ್ದನ್ನು ನಾನು ಹಾಕುವುದಿಲ್ಲ, ಇದ್ದದ್ದನ್ನು ಮಾಲೀಕ ಹಾಕಲು ಬಿಡುವುದಿಲ್ಲ.’

ಬಸವನಗುಡಿ ಹುಡುಗ · ಮಧ್ಯಾಹ್ನ 12:22

ಗೌಂಡಿ ಎಂದರೆ ಮೇಸ್ತ್ರಿಯೇ?

ಎರೆ ನೆಲ · ಮಧ್ಯಾಹ್ನ 12:24

ಹೌದು. ನಿಮ್ಮಲ್ಲಿ ಮೇಸ್ತ್ರಿ, ನಮ್ಮಲ್ಲಿ ಗೌಂಡಿ. ಕೆಲಸ ಕೆಡಿಸುವುದರಲ್ಲಿ ಇಬ್ಬರೂ ಸಮ.

ಮೇಸ್ತ್ರಿಯ ಮಗ · ಮಧ್ಯಾಹ್ನ 12:50

ಇದು ತಪ್ಪು ಮಾತು. ನಮ್ಮ ತಂದೆ ನಲವತ್ತು ವರ್ಷ ಗಾರೆ ಕೆಲಸ ಮಾಡಿದವರು. ಕಂಬದ ಸರಳುಗಳನ್ನು ಸುತ್ತಿ ಹಿಡಿಯುವ ರಿಂಗಿನ ಕೊಕ್ಕೆಯನ್ನು ಒಳಗೆ 135 ಡಿಗ್ರಿ ಬಗ್ಗಿಸಬೇಕು ಎಂಬುದನ್ನು ಅವರಿಗೆ ಒಬ್ಬ ಎಂಜಿನಿಯರ್ ಸ್ಥಳದಲ್ಲಿ ಕೂತು, ಕೈಯಲ್ಲಿ ಬಗ್ಗಿಸಿ ತೋರಿಸಿದರು. ಅಲ್ಲಿಂದ ಮುಂದೆ ಒಂದು ರಿಂಗನ್ನೂ ಅವರು 90ಕ್ಕೆ ಬಿಟ್ಟಿಲ್ಲ. ಕೊಕ್ಕೆ 90ರಲ್ಲಿದ್ದರೆ ಕಂಬ ಅಲುಗಿದಾಗ ಬಾಯಿ ಬಿಡುತ್ತದೆ ಎಂಬುದನ್ನು ಅವರು ಪಂಚೆಯ ಗಂಟಿಗೆ ಹೋಲಿಸಿ ಹೇಳುತ್ತಿದ್ದರು. ನಕ್ಷೆಯಲ್ಲಿ ಆ ಕೊಕ್ಕೆಯ ಚಿತ್ರವನ್ನು ಬಿಡಿಸಿದವರು ಆ ನಲವತ್ತು ವರ್ಷಗಳಲ್ಲಿ ಎಷ್ಟು ಮಂದಿ ಎಂದು ಕೇಳಿ. ಬೆರಳಲ್ಲಿ ಎಣಿಸಬಹುದು.

ಎರೆ ನೆಲ · ಮಧ್ಯಾಹ್ನ 12:58

ತಪ್ಪಾಯಿತು, ಅಣ್ಣಾ. ಹಗುರವಾಗಿ ಆಡಿದ ಮಾತು, ಹಿಂದಕ್ಕೆ ಪಡೆದೆ. ನಿಮ್ಮ ತಂದೆಯವರಿಗೆ ನಮಸ್ಕಾರ.

ಸಾಕ್ರಮೆಂಟೊ ಕನ್ನಡಿಗ · ಮಧ್ಯಾಹ್ನ 1:30

ಕ್ಯಾಲಿಫೋರ್ನಿಯಾದಲ್ಲಿ ಇದೇ ಕೆಲಸ ಮಾಡುತ್ತೇನೆ. ಇಲ್ಲಿಯೂ ಇದೇ ಗೋಳು ಎಂದರೆ ನಂಬಿ. ‘ನಕ್ಷೆ ನೋಡಿ’ ಎಂಬ ಎರಡು ಪದದ ಉತ್ತರ ನನಗೂ ಬರುತ್ತದೆ. ಬೇರೆ ಊರಿನ ಹಿಮದ ಹೊರೆ ಹಾಕಿದ ಲೆಕ್ಕ ನಮ್ಮ ಬಯಲಿಗೆ ಬರುತ್ತದೆ. ಇಲ್ಲಿ ಹಿಮ ಬೀಳುವುದೇ ಇಲ್ಲ.

ಒಂದು ವ್ಯತ್ಯಾಸವಿದೆ. ಪ್ರತಿ ಆಕ್ಷೇಪಣೆಗೂ ಎದುರು ಕಾಲಂನಲ್ಲಿ ಅವರು ಉತ್ತರ ಬರೆಯಬೇಕು, ಯಾವ ಹಾಳೆಯಲ್ಲಿ ಸರಿಪಡಿಸಿದ್ದೇವೆ ಎಂದು ತಿಳಿಸಬೇಕು. ಬದಲಾದ ಜಾಗದ ಸುತ್ತ ಮೋಡದ ಆಕಾರದ ಗೆರೆ ಎಳೆದು, ಪಕ್ಕದಲ್ಲಿ ತ್ರಿಕೋನದೊಳಗೆ ಪರಿಷ್ಕರಣೆಯ ಸಂಖ್ಯೆ ಹಾಕಬೇಕು. ಮೋಡ ಇಲ್ಲದಿದ್ದರೆ ನಾನು ತೆರೆಯುವುದೇ ಇಲ್ಲ. ನಾನೂ ಸಂಹಿತೆಯ ಕಲಂ ಸಂಖ್ಯೆ ಬರೆಯದೆ ಆಕ್ಷೇಪಣೆ ಎತ್ತುವಂತಿಲ್ಲ. ‘ನನಗೆ ಸರಿ ಕಾಣುತ್ತಿಲ್ಲ’ ಎಂಬುದು ಆಕ್ಷೇಪಣೆಯಲ್ಲ. ಎಷ್ಟೋ ನಗರಗಳಲ್ಲಿ ಎರಡು ಮೂರು ಸುತ್ತು ದಾಟಿದರೆ ಗಂಟೆಯ ಲೆಕ್ಕದಲ್ಲಿ ಹೆಚ್ಚುವರಿ ಶುಲ್ಕವೂ ಬೀಳುತ್ತದೆ.

ಸಹಿಯ ವಿಷಯಕ್ಕೆ ಬಂದರೆ, ಇಲ್ಲಿ ಎಂಜಿನಿಯರಿಗೆ ರಾಜ್ಯವೇ ಪರವಾನಗಿ ಕೊಡುತ್ತದೆ, ರಾಜ್ಯವೇ ಕಿತ್ತುಕೊಳ್ಳುತ್ತದೆ. 1981ರಲ್ಲಿ ಕಾನ್ಸಾಸ್ ಸಿಟಿಯ ಹಯಾತ್ ಹೋಟೆಲಿನ ತೂಗು ನಡೆದಾರಿಗಳು ಕುಸಿದು 114 ಜನ ಸತ್ತರು. ಮೊದಲ ವಿನ್ಯಾಸದಲ್ಲಿ ಎರಡು ನಡೆದಾರಿಗಳನ್ನು ಒಂದೇ ಉದ್ದನೆಯ ಸರಳಿಗೆ ತೂಗುಹಾಕಬೇಕಿತ್ತು. ತಯಾರಿಕೆಯ ನಕ್ಷೆಯಲ್ಲಿ ಅದನ್ನು ಎರಡು ತುಂಡು ಮಾಡಿದರು. ಮೇಲಿನ ಜೋಡಣೆಯ ಮೇಲೆ ಹೊರೆ ಇಮ್ಮಡಿಯಾಯಿತು. ಯಾರೂ ಹೊಸದಾಗಿ ಲೆಕ್ಕ ಹಾಕಲಿಲ್ಲ, ಆದರೂ ಎಂಜಿನಿಯರ್ ಸಂಸ್ಥೆಯ ಮುದ್ರೆ ಬಿತ್ತು. ಇಬ್ಬರು ಎಂಜಿನಿಯರುಗಳು ಪರವಾನಗಿ ಕಳೆದುಕೊಂಡರು.

ಸ್ಕೇಲು ಪೆನ್ಸಿಲ್ · ಮಧ್ಯಾಹ್ನ 1:41

ಮೋಡ, ತ್ರಿಕೋನ! ಇಲ್ಲಿ ಉತ್ತರದ ಬಾಣವೇ ನಿಂತಲ್ಲಿ ನಿಲ್ಲುವುದಿಲ್ಲ.

ನಿಯಮಪಾಲಕ · ಮಧ್ಯಾಹ್ನ 1:55

ಹೆಚ್ಚುವರಿ ಶುಲ್ಕ ಇಲ್ಲಿಗೆ ತಂದರೆ ಅದನ್ನು ತುಂಬುವವರು ಮೂವತ್ತು ನಲವತ್ತು ಸರ್ ಅಂಥವರು, ಸಹಿ ಹಾಕಿದವರಲ್ಲ. ಮೊದಲು ಸಹಿಯನ್ನು ಕಟ್ಟಿಹಾಕಿ. ವಾಸ್ತುಶಿಲ್ಪಿಗಳಿಗೆ 1972ರ ಕಾಯ್ದೆ ಇದೆ, ಪರಿಷತ್ತು ಇದೆ, ತಪ್ಪಿದರೆ ಹೆಸರು ತೆಗೆಯುತ್ತಾರೆ. ಸಿವಿಲ್ ಎಂಜಿನಿಯರುಗಳಿಗೆ ಇಡೀ ದೇಶಕ್ಕೆ ಅನ್ವಯಿಸುವ ಅಂಥ ಕಾಯ್ದೆಯೇ ಇಲ್ಲ. ಗುಜರಾತ್ 2006ರಲ್ಲಿ ಒಂದು ಮಾಡಿಕೊಂಡಿತು. ನಮ್ಮಲ್ಲಿ ಒಂದು ನಗರಸಭೆ ಹೆಸರು ಕೈಬಿಟ್ಟರೆ ಪಕ್ಕದ ಊರಿನಲ್ಲಿ ನೋಂದಾಯಿಸಿಕೊಂಡರಾಯಿತು.

ಮೂವತ್ತು ನಲವತ್ತು · ಮಧ್ಯಾಹ್ನ 2:20

ಅಂದ ಮೇಲೆ ಬೆಂಗಳೂರಿನಲ್ಲಿ 2024ರಲ್ಲಿ ಬಂದ ನಂಬಿಕೆ ನಕ್ಷೆ ಯಾರ ನಂಬಿಕೆಯ ಮೇಲೆ ನಿಂತಿದೆ?

ನಗರ ಯೋಜಕಿ · ಮಧ್ಯಾಹ್ನ 2:45

ಅದು 50 × 80 ಅಡಿಯವರೆಗಿನ ನಿವೇಶನದ ವಾಸದ ಮನೆಗಳಿಗೆ. ನೋಂದಾಯಿತ ವೃತ್ತಿಪರರು ಸಲ್ಲಿಸಿದರೆ ತಾತ್ಕಾಲಿಕ ಮಂಜೂರಾತಿ ಕೂಡಲೇ, ಪರಿಶೀಲನೆ ಆಮೇಲೆ. ಯೋಚನೆ ಕೆಟ್ಟದ್ದಲ್ಲ, ಮಧ್ಯವರ್ತಿಗಳ ಕಾಟ ತಪ್ಪುತ್ತದೆ. ಆದರೆ ಕ್ಯಾಡ್ ಕೂಲಿ ಅವರು ಹೇಳಿದ ಎರಡು ಸಾವಿರದ ಸಹಿ ಅಲ್ಲಿಗೂ ಹೋದರೆ, ತಪ್ಪು ಸಿಗುವ ಹೊತ್ತಿಗೆ ತಾರಸಿ ಬಿದ್ದಿರುತ್ತದೆ. ತಾರಸಿ ಬಿದ್ದಿರುತ್ತದೆ ಎಂದರೆ ಕಾಂಕ್ರೀಟು ಹಾಕಿ ಮುಗಿದಿರುತ್ತದೆ ಎಂದು. ಬೇರೆ ಅರ್ಥ ಮಾಡಿಕೊಳ್ಳಬೇಡಿ.

ಪಂಚಾಯಿತಿ ಕಟ್ಟೆ · ಮಧ್ಯಾಹ್ನ 3:10

ನೀವು ಪಟ್ಟಣದವರು ಪುಣ್ಯವಂತರು. ನಮ್ಮ ಗ್ರಾಮ ಪಂಚಾಯಿತಿಯಲ್ಲಿ ನಕ್ಷೆ ನೋಡುವವರು ಪಿಡಿಒ ಮತ್ತು ಕಾರ್ಯದರ್ಶಿ. ಇಬ್ಬರಿಗೂ ಉದ್ಯೋಗ ಖಾತರಿ, ಕುಡಿಯುವ ನೀರು, ಕಂದಾಯ ವಸೂಲಿ ಮುಗಿಸಿ ಸಮಯ ಉಳಿದರೆ ಉಂಟು. ಮೊನ್ನೆ ಒಂದು ನಕ್ಷೆಯಲ್ಲಿ ತೆರೆದ ಬಾವಿಯ ಪಕ್ಕದಲ್ಲೇ ಶೌಚದ ಗುಂಡಿ ಇತ್ತು. ಹಿಡಿದವರು ಎಂಜಿನಿಯರ್ ಅಲ್ಲ, ಕಸ ಗುಡಿಸಲು ಬಂದಿದ್ದ ಅಕ್ಕ. ನೆಲದ ಮೇಲೆ ಹರಡಿದ್ದ ಹಾಳೆ ನೋಡಿ ‘ಇದು ನಮ್ಮ ಓಣಿಯ ಬಾವಿಯಲ್ಲವೇ, ಇಲ್ಲಿ ಗುಂಡಿ ಮಾಡುತ್ತಾರಾ?’ ಎಂದರು.

ಹೊಸ ಪದವಿ · ಸಂಜೆ 5:05

ಈ ವರ್ಷ ಬಿಇ ಸಿವಿಲ್ ಮುಗಿಸಿದ್ದೇನೆ. ಸೇರಿದ ಕಚೇರಿಯಲ್ಲಿ ಹಳೆಯ ಕಡತ ತೆರೆದು ಹೆಸರು, ಅಳತೆ ಬದಲಿಸು ಎನ್ನುತ್ತಾರೆ. ಏಕೆ ಎಂದು ಕೇಳಿದರೆ ‘ಹೀಗೇ ಪಾಸಾಗುತ್ತದೆ’ ಎಂಬ ಉತ್ತರ. ಸರಿಯಾದ ನಕ್ಷೆ ಹೇಗಿರುತ್ತದೆ ಎಂದು ನೋಡಿಯೇ ಇಲ್ಲ. ಎಲ್ಲಿಂದ ಕಲಿಯಲಿ?

ತೊಲೆ ಕಂಬ · ಸಂಜೆ 5:30

ಸರಳು ಜೋಡಣೆಯ ಕೈಪಿಡಿ ಎಸ್‌ಪಿ 34 ತೆರೆಯಮ್ಮಾ. 1987ರದು, ಆದರೆ ಸರಳು ಎಲ್ಲಿ ಬಗ್ಗಬೇಕು, ಎಲ್ಲಿ ಮುಗಿಯಬೇಕು ಎಂಬುದರ ಚಿತ್ರಗಳಿವೆ. ಭೂಕಂಪದ ಭಾಗಕ್ಕೆ ಮಾತ್ರ ಹೊಸ 13920 ಇಟ್ಟುಕೊ. ಆಮೇಲೆ ಒಂದು ದಿನ ಕಾಂಕ್ರೀಟ್ ಹಾಕುವ ಜಾಗಕ್ಕೆ ಹೋಗಿ, ಕಂಬ ಮತ್ತು ತೊಲೆ ಸೇರುವ ಕಡೆ ಬೆರಳು ಹಾಕಿ ನೋಡು. ನೀನು ಹಾಳೆಯ ಮೇಲೆ ಸುಲಭವಾಗಿ ಎಳೆದ ಎಂಟು ಸರಳು ಅಲ್ಲಿ ಎಷ್ಟು ಇಕ್ಕಟ್ಟಿನಲ್ಲಿ ನಿಂತಿರುತ್ತವೆ, ಅವುಗಳ ನಡುವೆ ಜಲ್ಲಿ ಇಳಿಯುವುದೇ ಎಂದು ಗೊತ್ತಾಗುತ್ತದೆ.

ಮೇಸ್ತ್ರಿಯ ಮಗ · ಸಂಜೆ 5:33

ಚಪ್ಪಲಿ ಹಾಕಿಕೊಂಡು ಹೋಗಬೇಡಿ, ಬೂಟು ಹಾಕಿ. ಮೊಳೆ ಇರುತ್ತದೆ.

ಕಡತ ಕಾಯುವವ · ಬುಧವಾರ, ರಾತ್ರಿ 8:50

ಮುಂದಿನ ಕಥೆ ಕೇಳಿ. ಮೂವತ್ತು ನಲವತ್ತು ಅವರ ಸಲಹೆಯಂತೆ ಆಕ್ಷೇಪಣೆಯ ಪ್ರತಿಯನ್ನು ಮಾಲೀಕರ ಕೈಗೇ ಕೊಡುವ ವ್ಯವಸ್ಥೆ ಮಾಡಿಸಿದೆ. ಅದರ ಜೊತೆಗೆ, ನಕ್ಷೆಯ ಮೇಲಿದ್ದ ಎಂಜಿನಿಯರರ ಸಂಖ್ಯೆಗೆ ನಾನೇ ಫೋನು ಮಾಡಿದೆ. ‘ಯಾವ ಊರು ಎಂದಿರಿ?’ ಎಂದು ಕೇಳಿದರು. ಅವರು ಈ ನಕ್ಷೆಯನ್ನು ನೋಡಿಯೇ ಇಲ್ಲವಂತೆ. ನಂಬಬೇಕೋ ಬೇಡವೋ ಎಂದು ಗೊತ್ತಾಗದೆ, ಅದೇ ಸಹಿಯ ಬೇರೆ ಎರಡು ಕಡತ ತೆಗೆದು ಮೂರನ್ನೂ ಪರದೆಯ ಮೇಲೆ ದೊಡ್ಡದು ಮಾಡಿ ನೋಡಿದೆ. ಮುದ್ರೆಯ ಎಡ ಅಂಚಿನಲ್ಲಿ ಶಾಯಿ ಸ್ವಲ್ಪ ಹರಡಿ ಅಲ್ಪವಿರಾಮದ ಹಾಗೆ ಕಾಣುತ್ತದೆ. ಮೂರರಲ್ಲೂ ಅದೇ ಜಾಗದಲ್ಲಿ ಅದೇ ಅಲ್ಪವಿರಾಮ. ಸಹಿಯನ್ನೂ ನಕಲು ಮಾಡಿ ಅಂಟಿಸಿದ್ದಾರೆ. ಕಡತ ಮೇಲಧಿಕಾರಿಗಳಿಗೆ ಹೋಗಿದೆ, ಆ ಬಗ್ಗೆ ಇಲ್ಲಿ ಹೆಚ್ಚು ಬರೆಯುವಂತಿಲ್ಲ.

ಇಂದು ಮಾಲೀಕರು ತಂದೆಯವರನ್ನೂ ಕರೆದುಕೊಂಡು ಬಂದಿದ್ದರು. ಪರವಾನಗಿ ಸಿಗುವ ಮೊದಲೇ ತಳಪಾಯ ತೋಡಿಸಿದ್ದಾರೆ, ಮೂರು ಗುಂಡಿಗೆ ಕಾಂಕ್ರೀಟೂ ಬಿದ್ದಿದೆ. ಆಕ್ಷೇಪಣೆಯ ಹಾಳೆಯನ್ನು ಆ ಹಿರಿಯರು ಓದಿಸಿಕೊಂಡು ಕೇಳಿದರು. ಕಂಬ, ಸರಳು, ವಲಯ ಯಾವುದಕ್ಕೂ ಏನೂ ಹೇಳಲಿಲ್ಲ. ಮೆಟ್ಟಿಲಿನ ಲೆಕ್ಕ ಬಂದಾಗ ನನ್ನ ಮೇಜಿನ ಪಕ್ಕದಲ್ಲಿದ್ದ ಕಾಗದದ ಕಟ್ಟಿನ ಮೇಲೆ ಒಂದು ಕಾಲಿಟ್ಟು ಏರಲು ನೋಡಿದರು. ‘ಇಷ್ಟು ಎತ್ತರವೋ?’ ಎಂದರು. ಸುಮಾರು ಅಷ್ಟೇ ಎಂದೆ. ಮಗನ ಕಡೆ ತಿರುಗಿ, ‘ಬೇರೆಯವರ ಹತ್ತಿರ ಬರೆಸು’ ಎಂದರು.

ಸ್ಕೇಲು ಪೆನ್ಸಿಲ್ · ರಾತ್ರಿ 9:01

ಆ ಮೂರು ಗುಂಡಿಗಳ ಗತಿ?

ಕಡತ ಕಾಯುವವ · ರಾತ್ರಿ 9:06

ಹೊಸ ಎಂಜಿನಿಯರ್ ಬಂದು ಅಳೆದು, ಮಣ್ಣು ನೋಡಿ ಹೇಳಬೇಕು. ನಾನು ಹೇಳಿದರೆ ಮತ್ತೆ ನಾನೇ ವಿನ್ಯಾಸಕಾರ.

ಕ್ಯಾಡ್ ಕೂಲಿ · ರಾತ್ರಿ 9:48

ಸರ್, ಒಂದು ವಿಷಯ. ಆ ನಕ್ಷೆ ಬರೆದವನು ನಾನಲ್ಲ, ಕರಾವಳಿಯ ಕೆಲಸ ನಾನು ಮಾಡುವುದೇ ಇಲ್ಲ. ಆದರೆ ನೀವು ಬರೆದ 14ನೆಯ ಟಿಪ್ಪಣಿ ಓದಿ ಅನುಮಾನ ಬಂದು ನನ್ನ ಮೂಲ ಹಾಳೆ ತೆರೆದು ನೋಡಿದೆ. ನನ್ನಲ್ಲಿಯೂ ‘ಮಳೆನೀರು ಕೊಲ್ಲು’ ಎಂದೇ ಇದೆ. ಆರು ವರ್ಷದಿಂದ. ಹಳೆಯ ಕಚೇರಿಯಿಂದ ಪೆನ್‌ಡ್ರೈವಿನಲ್ಲಿ ತಂದುಕೊಂಡ ಹಾಳೆ ಅದು.

ಹೊಸ ಪದವಿ · ರಾತ್ರಿ 9:55

ನಮ್ಮ ಕಚೇರಿಯ ಹಾಳೆಯಲ್ಲಿಯೂ ಇದೆ. 14ನೆಯದೇ.

ನಗರ ಯೋಜಕಿ · ರಾತ್ರಿ 10:10

ಮಂಜೂರು ಮಾಡಿದ ಹಳೆಯ ಕಡತಗಳನ್ನು ಈಗ ತೆಗೆದು ನೋಡಿದೆ. ಐದರಲ್ಲಿ ಸಿಕ್ಕಿತು. ಐದಕ್ಕೂ ಸಹಿ ನನ್ನದೇ.